ಏಳಿಗೆಯ ಅಳತೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯು ನಮ್ಮ ನಾಡಿನಲ್ಲಿ ಪ್ರಸಿದ್ಧವಾದುದು. ಎಳೆಯರನ್ನು ಕಂಡು ಅವರ ಮುಂದಿನ ದೆಸೆಯನ್ನು ನುಡಿಯಬೇಕೆಂಬ ಚಪಲವು ಹಿರಿಯರಿಗೆ ಸಹಜವಾದುದರಿಂದ ಈ ಗಾದೆಯು ಆಗಾಗ್ಗೆ ಯಾರದಾದರೂ ಬಾಯಲ್ಲಿ ಬಂದೇ ಬರುತ್ತದೆ. ಆದರೆ ಮೊಳಕೆಯನ್ನು ನೋಡಿ ಪೈರನ್ನು ಅಳೆಯುವವನು ಎರಡು ಸಂಗತಿಗಳನ್ನು ಮರೆಯುತ್ತಾನೆ. ಮೊಳಕೆಗೆ ನೆಲವೂ ನೀರೂ ಬೇಕೆಂಬುದು ಒಂದು. ಪಕ್ಕದ ಮೊಳಕೆಯು ಎತ್ತರವಾಗಿರುವ ಮಾತ್ರಕ್ಕೆ ಇದು ಬೆಳೆದೇ ಇಲ್ಲವೆಂದು ಹೇಳಲಾಗದೆಂಬುದು ಇನ್ನೊಂದು. ಹಾಗಾದರೆ ಮನುಷ್ಯನ ಏಳಿಗೆಯನ್ನು ಯಾವ ಕೋಲಿನಿಂದ ಅಳೆಯಬೇಕು? ಅವನ ನಿನ್ನೆಯಿಂದಲೋ, ಅವನ ಓರಗೆಯವರಿಂದಲೋ, ಅಥವಾ ಇವೆರಡಕ್ಕೂ ಹೊರತಾದ ಬೇರೊಂದು ಮಾನದಿಂದಲೋ? ಈ ಪ್ರಶ್ನೆಯನ್ನು ಒಂದು ದೃಷ್ಟಾಂತದ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶವು. ದೃಷ್ಟಾಂತವು ಆಟದ ಬಯಲಿನದು. ಆಟದ ಮಾತು ಸಾಹಿತ್ಯಪತ್ರಿಕೆಗೆ ಹಗುರವೆಂದು ಕೆಲವರು ಎಣಿಸಬಹುದು. ಆದರೆ ಮನುಷ್ಯರನ್ನು ಅಂಕಿಗಳಿಂದ ಅಳೆಯುವ ಕೆಲಸವು ಆಟದಲ್ಲಿ ನಡೆಯುವಷ್ಟು ಬಹಿರಂಗವಾಗಿ ಬೇರೆಡೆಯಲ್ಲಿ ನಡೆಯುವುದು ಅಪರೂಪವಾದ್ದರಿಂದ, ಅಳತೆಯ ಗುಣದೋಷಗಳು ಅಲ್ಲಿ ಚೆನ್ನಾಗಿ ಕಣ್ಣಿಗೆ ಬೀಳುತ್ತವೆ.

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಒಂದು ಪಕ್ಷಕ್ಕೆ ಐವರು. ಅವರಲ್ಲೊಬ್ಬನಿಗೆ ಪವರ್ ಫಾರ್ವರ್ಡ್ ಎಂದು ಹೆಸರು. ಬುಟ್ಟಿಯ ಸಮೀಪದಲ್ಲಿ ಎದುರಾಳಿಗಳ ಬಲಕ್ಕೆ ಮೈಯೊಡ್ಡಿ ನಿಲ್ಲುವುದು, ಗುರಿತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು, ಜೊತೆಯವನಿಗೆ ದಾರಿಯಾಗುವಂತೆ ಎದುರಾಳಿಗೆ ಅಡ್ಡ ನಿಲ್ಲುವುದು, ಇವು ಹಿಂದಿನಿಂದಲೂ ಆ ಸ್ಥಾನದವನಿಗೆ ಸಂದ ಕೆಲಸಗಳು. ಅಮೆರಿಕದ ಎನ್‌ಬಿಎ ಎಂಬ ವೃತ್ತಿಸಂಘದಲ್ಲಿ ಪ್ರತಿವರ್ಷವೂ ಹೊಸ ತರುಣರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯುಂಟು. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಮೊದಲು ಆರಿಸಲ್ಪಟ್ಟವನನ್ನು ಆ ವರ್ಷದ ಮೊಳಕೆಗಳಲ್ಲೆಲ್ಲ ಶ್ರೇಷ್ಠನೆಂದು ಬಲ್ಲವರು ತೀರ್ಪಿತ್ತಂತೆಯೇ ಸರಿ. 2013ನೆಯ ಇಸವಿಯ ಜೂನ್ 27ರಂದು ನಡೆದ ಆಯ್ಕೆಯಲ್ಲಿ ಈ ಮೊದಲನೆಯ ಸ್ಥಾನವು ಆಂಥೊನಿ ಬೆನೆಟ್ ಎಂಬ ಪವರ್ ಫಾರ್ವರ್ಡನಿಗೆ ದೊರೆಯಿತು. ಆತನು ಕೆನಡಾದ ಟೊರಾಂಟೊ ನಗರದಲ್ಲಿ ಹುಟ್ಟಿದವನು. ಆಗ ಅವನಿಗೆ 20 ವರ್ಷ. ಕೆನಡಾದವನೊಬ್ಬನು ಮೊದಲನೆಯವನಾಗಿ ಆರಿಸಲ್ಪಟ್ಟುದು ಅದೇ ಮೊದಲು. ಕ್ಲೀವ್‌ಲ್ಯಾಂಡಿನ ತಂಡವು ಅವನನ್ನು ತೆಗೆದುಕೊಂಡಿತು. ಅದೇ ದಿನ ಹದಿನೈದನೆಯವನಾಗಿ ಮಿಲ್ವಾಕಿಯ ತಂಡವು ಆರಿಸಿಕೊಂಡವನು 18 ವರ್ಷದ ಯಾನಿಸ್ ಆಂಟೆಟೊಕೌಂಪೊ. ಮುಂದೆ ಪವರ್ ಫಾರ್ವರ್ಡ್ ಸ್ಥಾನದಲ್ಲಿ ನೆಲೆಗೊಂಡವನು ಈತನೇ.

ಯಾನಿಸನು 1994ರ ಡಿಸೆಂಬರಿನಲ್ಲಿ ಅಥೆನ್ಸಿನಲ್ಲಿ ಹುಟ್ಟಿದನು. ತಂದೆತಾಯಿಗಳು ನೈಜೀರಿಯಾದಿಂದ ಗ್ರೀಸಿಗೆ ವಲಸೆ ಬಂದವರು. ಹುಟ್ಟಿದ ನೆಲವೇ ಆದರೂ 2013ರವರೆಗೆ ಅವನಿಗೆ ಆ ದೇಶದ ಪೌರತ್ವವಿರಲಿಲ್ಲ. ಅಣ್ಣನೊಡನೆ ಬೀದಿಯಲ್ಲಿ ನಿಂತು ಕೈಗಡಿಯಾರ, ಕನ್ನಡಕ, ಕೈಚೀಲಗಳನ್ನು ಮಾರಿ ಮನೆಗೆ ನೆರವಾಗುತ್ತಿದ್ದ ಹುಡುಗನು, ಆಯ್ಕೆಯಾಗುವ ಮುನ್ನ ಆಡುತ್ತಿದ್ದುದು ಗ್ರೀಸಿನ ಎರಡನೆಯ ದರ್ಜೆಯ ಪಂದ್ಯಗಳಲ್ಲಿ. ಅಮೆರಿಕದಲ್ಲಿ ಮೊದಲನೆಯ ವರ್ಷ ಅವನು ಪಂದ್ಯವೊಂದಕ್ಕೆ ಗಳಿಸಿದ ಸರಾಸರಿ ಅಂಕಗಳು 6.8 ಮಾತ್ರ. ಎರಡನೆಯ ವರ್ಷ 12.7, ಮೂರನೆಯ ವರ್ಷ 16.9, ನಾಲ್ಕನೆಯ ವರ್ಷ, ಅಂದರೆ 2016-17ರಲ್ಲಿ, 22.9. ಆ ವರ್ಷ ಒಟ್ಟು ಅಂಕ, ರೀಬೌಂಡ್, ಜೊತೆಯವರಿಗೆ ಚೆಂಡನ್ನೊದಗಿಸಿದ ಸಂಖ್ಯೆ, ಎದುರಾಳಿಯಿಂದ ಚೆಂಡನ್ನು ಕಸಿದ ಸಂಖ್ಯೆ, ಎಸೆತವನ್ನು ತಡೆದ ಸಂಖ್ಯೆ, ಈ ಐದರಲ್ಲಿಯೂ ಇಡಿಯ ಸಂಘದ ಮೊದಲ ಇಪ್ಪತ್ತು ಮಂದಿಯಲ್ಲಿ ಅವನಿದ್ದನು. ಆ ಸಂಘದ ಚರಿತ್ರೆಯಲ್ಲಿ ಹಾಗೆ ಇದ್ದವರು ಅವನಿಗಿಂತ ಮೊದಲು ಒಬ್ಬರೂ ಇಲ್ಲ. ಮುಂದೆ 2019ರಲ್ಲಿಯೂ 2020ರಲ್ಲಿಯೂ ಅವನು ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದನು. 2021ರ ಜುಲೈ 20ರಂದು ಫೀನಿಕ್ಸ್ ತಂಡದೆದುರು ಒಬ್ಬನೇ 50 ಅಂಕಗಳನ್ನು ಗಳಿಸಿ, ಮಿಲ್ವಾಕಿಗೆ 1971ರ ತರುವಾಯ ಮೊದಲ ಸಲ ಚಾಂಪಿಯನ್ ಪದವಿಯನ್ನು ತಂದಿತ್ತನು.

ಇತ್ತ ಬೆನೆಟನ ಕಥೆಯನ್ನು ಕೇಳಿರಿ. ಆಯ್ಕೆಗೆ ಮುಂಚೆಯೇ ಅವನ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿದ್ದಿತು. ಆ ಬೇಸಗೆಯಲ್ಲಿ ತಕ್ಕ ಅಭ್ಯಾಸಕ್ಕೆ ಅವಕಾಶವಾಗಲಿಲ್ಲ. ಮೊದಲ ನಾಲ್ಕು ಪಂದ್ಯಗಳಲ್ಲಿ ಆಟದ ನಡುವೆ ಅವನೆಸೆದ ಒಂದು ಚೆಂಡೂ ಬುಟ್ಟಿಗೆ ಬೀಳಲಿಲ್ಲ. ಮೊದಲನೆಯ ವರ್ಷದ ಸರಾಸರಿ 4.2 ಅಂಕ. ಮರುವರ್ಷವೇ, 2014ರ ಆಗಸ್ಟಿನಲ್ಲಿ, ಕ್ಲೀವ್‌ಲ್ಯಾಂಡಿನವರು ಅವನನ್ನು ಮಿನೆಸೋಟಾಕ್ಕೆ ಕೊಟ್ಟರು. ಅಲ್ಲಿಂದ ತನ್ನ ಹುಟ್ಟೂರಾದ ಟೊರಾಂಟೊದ ತಂಡ, ಅಲ್ಲಿಂದ ಬ್ರೂಕ್ಲಿನ್. ಹೀಗೆ ನಾಲ್ಕು ವರ್ಷಕ್ಕೆ ನಾಲ್ಕು ತಂಡಗಳು. 151 ಪಂದ್ಯಗಳಾದ ಮೇಲೆ 2017ರಲ್ಲಿ ಆ ಸಂಘದಲ್ಲಿ ಅವನ ಆಟವು ಮುಗಿಯಿತು. ಅನಂತರ ಅವನು ತುರ್ಕಿಯಲ್ಲಿಯೂ ತೈವಾನಿನಲ್ಲಿಯೂ ಆಡಿದನು. ಮೊದಲನೆಯವನಾಗಿ ಆರಿಸಲ್ಪಟ್ಟು ನಿರಾಶೆಗೊಳಿಸಿದವರ ಪಟ್ಟಿಯನ್ನು ಯಾರೇ ಬರೆಯಲಿ, ಅದರಲ್ಲಿ ಅವನ ಹೆಸರು ತಪ್ಪದೆ ಬರುತ್ತದೆ. ಅದರ ಪಕ್ಕದಲ್ಲಿ ಯಾನಿಸನ ಹೆಸರನ್ನು ಬರೆದು ಇವನನ್ನು ಇನ್ನಷ್ಟು ಕುಗ್ಗಿಸುವುದೂ ವಾಡಿಕೆಯಾಗಿದೆ.

ಈ ಹೋಲಿಕೆಯು ನ್ಯಾಯವಾದುದೆ? ಅಂಕಿಗಳು ಸುಳ್ಳಲ್ಲ, ಯಾನಿಸನು ಬೆನೆಟನಿಗಿಂತ ಬಹಳ ಉತ್ತಮ ಆಟಗಾರನಾದನೆಂಬುದು ನಿರ್ವಿವಾದವು. ಆದರೆ ‘ಉತ್ತಮ ಆಟಗಾರನಾದನು’ ಎಂಬ ಮಾತಿನಿಂದ ‘ಉತ್ತಮನಾಗಿ ನಡೆದುಕೊಂಡನು’ ಎಂಬ ಮಾತಿಗೆ ನಾವು ಅರಿಯದೆಯೇ ಜಾರುತ್ತೇವೆ. ಇವನು ದುಡಿದನು, ಅವನು ದುಡಿಯಲಿಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ತೊಡಕಿರುವುದು ಈ ಜಾರಿಕೆಯಲ್ಲಿಯೇ. ಯಾನಿಸನು ಸೇರಿದ ಮಿಲ್ವಾಕಿಯ ತಂಡವು ಆ ವರ್ಷ 15 ಪಂದ್ಯಗಳನ್ನು ಗೆದ್ದು 67ರಲ್ಲಿ ಸೋತು ಸಂಘದಲ್ಲಿಯೇ ಕಡೆಯದಾಗಿದ್ದಿತು. ಸೋಲುವುದೇ ರೂಢಿಯಾದ ತಂಡದಲ್ಲಿ ಹದಿನೆಂಟರ ಹುಡುಗನು ತಪ್ಪುಮಾಡಿದರೆ ಕೇಳುವವರು ಕಡಮೆ. ಅವನಿಗೆ ತಪ್ಪುಮಾಡುವ ಬಿಡುವು ದೊರೆಯಿತು. ತಪ್ಪಿನಿಂದ ಕಲಿಯುವುದಕ್ಕೆ ನಾಲ್ಕು ವರ್ಷ ಒಂದೇ ನೆಲ ದೊರೆಯಿತು. ಬೆನೆಟನಿಗಾದರೋ ಮೊದಲನೆಯವನೆಂಬ ಹೆಸರೇ ಹೊರೆಯಾಯಿತು. ಬೇರೂರುವುದರೊಳಗೆ ಕಿತ್ತು ಬೇರೆಡೆಗೆ ನೆಟ್ಟರು, ಮತ್ತೆ ಕಿತ್ತರು. ಇದನ್ನು ಹೇಳುವುದರಿಂದ ಯಾನಿಸನ ಪರಿಶ್ರಮಕ್ಕೆ ಕುಂದಿಲ್ಲ. ನೆಲವು ಒಳ್ಳೆಯದಾದ ಮಾತ್ರಕ್ಕೆ ಬೀಜದ ಗುಣವು ಸುಳ್ಳಾಗುವುದಿಲ್ಲವಷ್ಟೆ. ಆದರೆ ಫಲದ ವ್ಯತ್ಯಾಸವನ್ನೆಲ್ಲ ಬೀಜದ ಲೆಕ್ಕಕ್ಕೇ ಬರೆಯುವುದು ಅನ್ಯಾಯವೆಂಬುದು ಸ್ಪಷ್ಟವಾಗಿದೆ.

ಓರಗೆಯವರ ಹೋಲಿಕೆಯನ್ನು ಬಿಟ್ಟು, ಮನುಷ್ಯನನ್ನು ಅವನ ನಿನ್ನೆಯೊಡನೆ ಹೋಲಿಸಿದರೆ ಸರಿಯಾದೀತೆ? ಆ ಸಂಘದಲ್ಲಿಯೇ ಇದಕ್ಕೊಂದು ಪ್ರಯೋಗವು ನಡೆದಿದೆ. 1985-86ರಿಂದ ಅಲ್ಲಿ ‘ಅತಿ ಹೆಚ್ಚು ಏಳಿಗೆ ಹೊಂದಿದ ಆಟಗಾರ’ನೆಂಬ ಪ್ರಶಸ್ತಿಯನ್ನು ಕೊಡುತ್ತ ಬಂದಿದ್ದಾರೆ. ಯಾನಿಸನಿಗೆ ಅದು 2017ರಲ್ಲಿ ದೊರೆಯಿತು. ವಿಶೇಷವೇನೆಂದರೆ, ಅದರ ಹಿಂದಿನ ವರ್ಷ ಅದನ್ನು ಪಡೆದ ಸಿ. ಜೆ. ಮೆಕಾಲಮ್, ಮುಂದಿನ ವರ್ಷ ಪಡೆದ ವಿಕ್ಟರ್ ಒಲಾಡಿಪೊ, ಇವರಿಬ್ಬರೂ 2013ರ ಆಯ್ಕೆಯವರೇ. ಒಲಾಡಿಪೊ ಅಂದು ಎರಡನೆಯವನಾಗಿಯೂ ಮೆಕಾಲಮ್ ಹತ್ತನೆಯವನಾಗಿಯೂ ಆರಿಸಲ್ಪಟ್ಟಿದ್ದರು. ಒಂದೇ ದಿನ ಬಾಗಿಲು ದಾಟಿದ ಮೂವರು ಓರಗೆಯವರು ಮೂರು ವರ್ಷ ಒಬ್ಬರಾದ ಮೇಲೊಬ್ಬರು ಏಳಿಗೆಯ ಪ್ರಶಸ್ತಿಯನ್ನು ಪಡೆದರು.

ಪ್ರತಿಯೊಬ್ಬನನ್ನೂ ಅವನ ಹಿಂದಿನ ವರ್ಷದೊಡನೆ ತೂಗುವ ಈ ಪ್ರಶಸ್ತಿಯು ಮೇಲುನೋಟಕ್ಕೆ ಬಹಳ ನ್ಯಾಯವಾಗಿ ಕಾಣುತ್ತದೆ. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ಇಲ್ಲಿಯೂ ಹಳೆಯ ತೊಡಕುಗಳೇ ಎದುರಾಗುತ್ತವೆ. ಮೆಕಾಲಮನ ಸರಾಸರಿಯು ಒಂದೇ ವರ್ಷದಲ್ಲಿ 6.8ರಿಂದ 20.8ಕ್ಕೆ ಏರಿತು. ಅವನ ಕೌಶಲ್ಯವು ಮೂರುಮಡಿಯಾಯಿತೆ? ಇಲ್ಲ. 2015ರ ಬೇಸಗೆಯಲ್ಲಿ ಪೋರ್ಟ್‌ಲ್ಯಾಂಡ್ ತಂಡದ ಮೊದಲ ಐವರಲ್ಲಿ ನಾಲ್ವರು ಬಿಟ್ಟುಹೋದರು; ಬೆಂಚಿನ ಮೇಲೆ ಕುಳಿತಿದ್ದವನಿಗೆ ಬಯಲು ತೆರವಾಯಿತು; ಅವನು ಆಡುವ ಹೊತ್ತು ಎರಡರಷ್ಟಕ್ಕಿಂತ ಹೆಚ್ಚಾಯಿತು. ಆ ಸಾಮರ್ಥ್ಯದ ಬಹುಭಾಗವು ಮುಂಚೆಯೇ ಅವನಲ್ಲಿದ್ದಿರಬೇಕು, ಏರಿದುದು ಅವಕಾಶ. ಮತ್ತೊಂದು ಮಾತು. ಮೊದಲಿನಿಂದಲೂ ಚೆನ್ನಾಗಿ ಆಡುತ್ತ ಬಂದವನಿಗೆ ಈ ಪ್ರಶಸ್ತಿಯು ದೊರೆಯುವುದು ಕಷ್ಟ; ಇದನ್ನು ಪಡೆಯಬೇಕಾದರೆ ಮೊದಲು ಕೆಳಗಿರಬೇಕು. ಕೊನೆಯದಾಗಿ, ಪ್ರತಿಯೊಬ್ಬನ ಏರಿಕೆಯನ್ನು ಅವನ ನಿನ್ನೆಯಿಂದ ಅಳೆದ ಮೇಲೂ, ಎಲ್ಲರ ಏರಿಕೆಗಳನ್ನು ಸಾಲಾಗಿಟ್ಟು ಯಾರದು ದೊಡ್ಡದೆಂದು ಆರಿಸಲೇಬೇಕಷ್ಟೆ. ಮುಂಬಾಗಿಲಿನಿಂದ ಕಳುಹಿಸಿದ ಓರಗೆಯ ಹೋಲಿಕೆಯು ಹಿತ್ತಲಿನಿಂದ ಒಳಗೆ ಬಂದಿತು.

ಅದಲ್ಲದೆ ಏಳಿಗೆಯೆಂಬುದು ಒಂದೇ ಗೆರೆಯಲ್ಲಿ ಏರುವ ವಸ್ತುವೂ ಅಲ್ಲ. ಎದುರಾಳಿಯು ತಪ್ಪುಮಾಡಿದಾಗ ಆಟಗಾರನಿಗೆ ಯಾರ ಅಡ್ಡಿಯೂ ಇಲ್ಲದೆ ಗೆರೆಯ ಮೇಲೆ ನಿಂತು ಚೆಂಡನ್ನೆಸೆಯುವ ಹಕ್ಕು ದೊರೆಯುತ್ತದೆ. ಅದಕ್ಕೆ ಫ್ರೀ ಥ್ರೋ ಎಂದು ಹೆಸರು. 2016-17ರಲ್ಲಿ ಯಾನಿಸನ ಇಂತಹ ಎಸೆತಗಳಲ್ಲಿ ನೂರಕ್ಕೆ 77 ಬುಟ್ಟಿಗೆ ಬಿದ್ದುವು. 2019-20ರಲ್ಲಿ ಅದು ನೂರಕ್ಕೆ 63ರಷ್ಟಕ್ಕೆ ಇಳಿಯಿತು. ಅವನು ಎರಡನೆಯ ಸಲ ಅತ್ಯಮೂಲ್ಯ ಆಟಗಾರನಾದ ವರ್ಷವೂ ಅದೇ! ಒಂದು ಕೈಯಲ್ಲಿ ಏರುತ್ತ ಇನ್ನೊಂದು ಕೈಯಲ್ಲಿ ಇಳಿಯುತ್ತಿದ್ದವನನ್ನು ‘ಏಳಿಗೆ ಹೊಂದಿದನು’ ಎಂದು ಒಂದೇ ಮಾತಿನಲ್ಲಿ ಹೇಳುವುದು ಹೇಗೆ? ನಮ್ಮೆಲ್ಲರ ಬಾಳೂ ಹೀಗೆಯೇ ಇರುವುದಲ್ಲವೆ? ಬುದ್ಧಿಯು ಬೆಳೆದ ವರ್ಷದಲ್ಲಿ ತಾಳ್ಮೆಯು ಕುಗ್ಗಿರಬಹುದು. ಸಂಪಾದನೆಯು ಹೆಚ್ಚಿದ ವರ್ಷದಲ್ಲಿ ಸ್ನೇಹವು ಬತ್ತಿರಬಹುದು.

ಹೀಗಿರಲು, ಹೋಲಿಕೆಯನ್ನೇ ತೊರೆದುಬಿಡೋಣವೆ? ಅದೂ ಆಗದ ಮಾತು. ಓರಗೆಯವರನ್ನು ನೋಡದವನಿಗೆ ತನ್ನಲ್ಲಿ ಏನಿಲ್ಲವೆಂಬುದೇ ತಿಳಿಯುವುದಿಲ್ಲ. ಬಾವಿಯ ಕಪ್ಪೆಯ ನೆಮ್ಮದಿಯು ನೆಮ್ಮದಿಯಾದೀತೇ ಹೊರತು ಏಳಿಗೆಯಾಗಲಾರದು. ಇಲ್ಲಿ ಯಾನಿಸನು ಹುಟ್ಟಿದ ನಾಡಿನ ಹಳೆಯ ಪಂಡಿತನೊಬ್ಬನ ವಿವೇಚನೆಯು ನಮಗೆ ನೆರವಾಗುತ್ತದೆ. ಅರಿಸ್ಟಾಟಲನು ಭಾಷಣಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಸಮಾನರ ಅಭ್ಯುದಯವನ್ನು ಕಂಡಾಗ ಮನಸ್ಸಿನಲ್ಲಿ ಹುಟ್ಟುವ ಎರಡು ವಿಧವಾದ ನೋವುಗಳನ್ನು ಬೇರ್ಪಡಿಸಿದ್ದಾನೆ. ಆ ಒಳ್ಳೆಯದು ಅವನಲ್ಲಿದೆಯಲ್ಲಾ ಎಂಬ ನೋವು ಒಂದು. ಅದು ನನ್ನಲ್ಲಿಲ್ಲವಲ್ಲಾ ಎಂಬ ನೋವು ಇನ್ನೊಂದು. ಮೊದಲನೆಯದು ಮಾತ್ಸರ್ಯ, ನಮ್ಮವರು ಅರಿಷಡ್ವರ್ಗದಲ್ಲಿ ಕಡೆಯದಾಗಿ ಎಣಿಸಿದ ಶತ್ರುವು ಇದೇ. ಎರಡನೆಯದನ್ನು ಕನ್ನಡದಲ್ಲಿ ‘ಮೇಲ್ಮೆಯ ಹಂಬಲ’ ಎನ್ನಬಹುದು. ಮಾತ್ಸರ್ಯವು ಎದುರಿನವನಿಂದ ಕಿತ್ತುಕೊಳ್ಳಲು ನೋಡುತ್ತದೆ. ಹಂಬಲವು ತನ್ನನ್ನು ಅದಕ್ಕೆ ಯೋಗ್ಯನಾಗಿಸಿಕೊಳ್ಳಲು ನೋಡುತ್ತದೆ. ಎರಡೂ ಹುಟ್ಟುವುದು ಓರಗೆಯವರ ವಿಷಯದಲ್ಲಿಯೇ ಎಂದು ಆತನು ಕಂಡುಕೊಂಡಿದ್ದನು. ನೂರು ವರ್ಷದ ಹಿಂದೆ ಬಾಳಿದವನನ್ನು ಕಂಡು ಕರುಬುವವರು ಯಾರೂ ಇಲ್ಲ.

ಆದಕಾರಣ ದೋಷವು ಹೋಲಿಕೆಯಲ್ಲಿಲ್ಲ, ಹೋಲಿಸುವ ಉದ್ದೇಶದಲ್ಲಿದೆ ಎಂದು ನನಗೆ ತೋರುತ್ತದೆ. ಯಾವ ಕೆಲಸಕ್ಕೆ ಯಾರು ತಕ್ಕವರೆಂದು ಗೊತ್ತುಮಾಡಬೇಕಾದಾಗ ಓರಗೆಯವರನ್ನು ಒಬ್ಬರೊಡನೊಬ್ಬರನ್ನು ಹೋಲಿಸಲೇಬೇಕು. ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಂಡನ್ನು ಯಾರ ಕೈಗೆ ಕೊಡಬೇಕೆಂಬುದನ್ನು ದಾಕ್ಷಿಣ್ಯದಿಂದ ನಿರ್ಣಯಿಸಲಾಗದು. ಒಬ್ಬನು ತನ್ನ ಶಕ್ತಿಯನ್ನು ಹೇಗೆ ಬಳಸಿದನೆಂದು ತಿಳಿಯಬೇಕಾದಾಗ ಅವನ ನಿನ್ನೆಯೊಡನೆ ಹೋಲಿಸಬೇಕು. ಆಗಲೂ ಅವನು ನಿಂತ ನೆಲವನ್ನು ಲೆಕ್ಕಕ್ಕೆ ಸೇರಿಸಬೇಕು. ಇವೆರಡಲ್ಲದೆ ಮೂರನೆಯ ಅಳತೆಯೊಂದುಂಟು. ಅದು ಕೆಲಸದ ಅಳತೆ. ಬುಟ್ಟಿಯು ನೆಲದಿಂದ ಹತ್ತು ಅಡಿ ಎತ್ತರದಲ್ಲಿರುತ್ತದೆ. ಎಸೆಯುವವನು ಮೊದಲನೆಯವನೋ ಹದಿನೈದನೆಯವನೋ, ಕಳೆದ ವರ್ಷ ಅವನ ಸರಾಸರಿಯೇನು, ಇದಾವುದರ ಗೊಡವೆಯೂ ಬುಟ್ಟಿಗಿಲ್ಲ. 2021ರ ಆ ಕೊನೆಯ ಪಂದ್ಯದಲ್ಲಿ ಯಾನಿಸನು 19 ಫ್ರೀ ಥ್ರೋಗಳಲ್ಲಿ 17ನ್ನು ಬುಟ್ಟಿಗೆ ಹಾಕಿದನು. ಅದಕ್ಕೆ ಮೊದಲಿನ ವಾರಗಳಲ್ಲಿ ಅವನು ಗೆರೆಯ ಮೇಲೆ ನಿಂತಾಗಲೆಲ್ಲ ಎದುರೂರಿನ ಪ್ರೇಕ್ಷಕರು ಗಟ್ಟಿಯಾಗಿ ಸೆಕೆಂಡುಗಳನ್ನು ಎಣಿಸಿ ಅವನನ್ನು ಗೇಲಿಮಾಡುತ್ತಿದ್ದರು. ಗೆರೆಯ ಮೇಲೆ ನಿಂತವನಿಗೆ ಆಗ ಬೇಕಾಗಿದ್ದುದು ಓರಗೆಯವರ ನೆನಪಲ್ಲ, ತನ್ನ ಹಿಂದಿನ ಅಂಕಿಗಳ ನೆನಪೂ ಅಲ್ಲ. ಚೆಂಡು, ಕೈ, ಬುಟ್ಟಿ, ಇಷ್ಟೇ.

ಈ ಮೂರನೆಯ ಅಳತೆಯು ನಿಷ್ಪಕ್ಷಪಾತವಾದುದರಿಂದಲೇ ನಿಷ್ಠುರವೂ ಆಗಿದೆ. 2023ರಲ್ಲಿ ಮಿಲ್ವಾಕಿಯ ತಂಡವು 58 ಪಂದ್ಯಗಳನ್ನು ಗೆದ್ದು ಇಡಿಯ ಸಂಘದಲ್ಲಿ ಮೊದಲನೆಯದಾಗಿದ್ದರೂ, ಅಂತಿಮ ಸರಣಿಗಳ ಮೊದಲನೆಯ ಸುತ್ತಿನಲ್ಲಿಯೇ ಎಂಟನೆಯ ಸ್ಥಾನದ ಮಯಾಮಿಗೆ ಸೋತಿತು. ಬೆನ್ನಿನ ಪೆಟ್ಟಿನಿಂದ ಎರಡು ಪಂದ್ಯಗಳನ್ನು ಬಿಟ್ಟಿದ್ದ ಯಾನಿಸನು ಕೊನೆಯ ಪಂದ್ಯದಲ್ಲಿ 38 ಅಂಕಗಳನ್ನು ಗಳಿಸಿದನು. ಆದರೆ 23 ಫ್ರೀ ಥ್ರೋಗಳಲ್ಲಿ ಬುಟ್ಟಿಗೆ ಬಿದ್ದುವು ಹತ್ತು ಮಾತ್ರ. ಈ ವರ್ಷವು ವಿಫಲವಾಯಿತೆನ್ನುವಿರಾ ಎಂದು ಪತ್ರಕರ್ತರೊಬ್ಬರು ಕೇಳಿದರು. ನಿಮಗೆ ಪ್ರತಿವರ್ಷವೂ ಬಡ್ತಿ ದೊರೆಯುತ್ತದೆಯೆ, ದೊರೆಯದ ವರ್ಷದ ನಿಮ್ಮ ದುಡಿಮೆಯೆಲ್ಲ ವಿಫಲವೆ ಎಂದು ಅವನು ತಿರುಗಿ ಕೇಳಿದನು. ಮೈಕೆಲ್ ಜೋರ್ಡನ್ 15 ವರ್ಷ ಆಡಿ ಆರು ಸಲ ಚಾಂಪಿಯನ್ನನಾದನು, ಉಳಿದ ಒಂಬತ್ತು ವರ್ಷಗಳು ವ್ಯರ್ಥವಾದುವೆ ಎಂದೂ ಕೇಳಿದನು. ಆಟದಲ್ಲಿ ವಿಫಲತೆಯೆಂಬುದಿಲ್ಲ, ಒಳ್ಳೆಯ ದಿನಗಳೂ ಕೆಟ್ಟ ದಿನಗಳೂ ಇರುತ್ತವೆ ಎಂಬುದು ಅವನ ಮಾತಿನ ಸಾರವು.

ಈ ಉತ್ತರವನ್ನು ಹಲವರು ಕೊಂಡಾಡಿದರು. ಕೆಲವರು ಸೋತವನ ಸಮಾಧಾನವೆಂದು ನಕ್ಕರು. ನನ್ನ ಮಟ್ಟಿಗೆ ಅದು ಅರ್ಧ ಸತ್ಯವು. ಆ ದಿನದ ಕೆಲಸವು ಕೆಟ್ಟಿತೆಂಬುದನ್ನು ಹದಿಮೂರು ಸಲ ಬುಟ್ಟಿಯೇ ಹೇಳಿತು. ಅದನ್ನು ಇಲ್ಲವೆನ್ನುವುದು ತನಗೆ ತಾನೇ ಸುಳ್ಳಾಡಿಕೊಂಡಂತೆ. ಆದರೆ ಕೆಲಸ ಕೆಟ್ಟಿತೆಂಬ ಮಾತಿನಿಂದ ಮನುಷ್ಯನು ಕೆಟ್ಟನೆಂಬ ತೀರ್ಪಿಗೆ ಹೋಗಕೂಡದೆಂಬುದು ಅವನ ಉತ್ತರದ ಉಳಿದರ್ಧವು, ಮತ್ತು ಅದು ಪೂರ್ಣ ಸತ್ಯವು. ಅದೇ ಸರಣಿಯ ಮೂರನೆಯ ಪಂದ್ಯದಲ್ಲಿ, ಮಯಾಮಿಯ ಪಕ್ಷದಲ್ಲಿ ಆಡುತ್ತಿದ್ದ ಆಟಗಾರನೊಬ್ಬನ ಎಡ ಮಂಡಿಯ ಸ್ನಾಯುರಜ್ಜುವು ಹರಿದು ಅವನು ಬಯಲಿನಿಂದ ಹೊರಬೀಳಬೇಕಾಯಿತು. ಅವನು ಬೇರಾರೂ ಅಲ್ಲ. ಮೇಲೆ ಹೇಳಿದ ವಿಕ್ಟರ್ ಒಲಾಡಿಪೊ. 2019ರಲ್ಲಿ ಬಲಗಾಲಿನಲ್ಲಿ ಇಂತಹುದೇ ಪೆಟ್ಟನ್ನು ತಿಂದು, ವರ್ಷಗಟ್ಟಲೆ ಹೆಣಗಿ ಮತ್ತೆ ಆಡಲು ಬಂದಿದ್ದನು. ಗೆದ್ದ ಪಕ್ಷದವನಾದರೂ ಅವನಿಗಾದುದು ನಷ್ಟವೇ. ಒಂದೇ ದಿನ ಆರಿಸಲ್ಪಟ್ಟ ಇಬ್ಬರು ಹತ್ತು ವರ್ಷಗಳ ತರುವಾಯ ಒಂದೇ ಸರಣಿಯಲ್ಲಿ ಹೀಗೆ ಎದುರಾದರು. ಇವರಲ್ಲಿ ಯಾರು ಏರಿದರು, ಯಾರು ಇಳಿದರು ಎಂದು ಕೇಳಿದರೆ ಅಂಕಿಗಳು ಉತ್ತರ ಹೇಳಬಲ್ಲವು. ಯಾರು ಹೆಚ್ಚು ಯೋಗ್ಯರೆಂದು ಕೇಳಿದರೆ ಅಂಕಿಗಳು ಸುಮ್ಮನಿರಬೇಕು.

ಇಷ್ಟನ್ನು ಬರೆದ ಮೇಲೆ ನನ್ನದೊಂದು ಸಂಗತಿಯನ್ನು ಹೇಳದೆ ಮುಗಿಸುವುದು ಪ್ರಾಮಾಣಿಕವಾಗಲಾರದು. ನಾನು ಬಹುಕಾಲ ಉಪಾಧ್ಯಾಯನಾಗಿದ್ದವನು. ಪರೀಕ್ಷೆಯ ಅಂಕಗಳನ್ನು ಹೆಚ್ಚಿನದರಿಂದ ಕಡಮೆಯದಕ್ಕೆ ಇಳಿಸುತ್ತ ತರಗತಿಯಲ್ಲಿ ಗಟ್ಟಿಯಾಗಿ ಓದುವುದು ನನ್ನ ಪದ್ಧತಿಯಾಗಿದ್ದಿತು. ಅದರಿಂದ ಹುಡುಗರಲ್ಲಿ ಹುರುಪು ಹುಟ್ಟುವುದೆಂದು ನಂಬಿದ್ದೆನು. ಒಂದು ವರ್ಷ ಗಣಿತದಲ್ಲಿ 12 ಅಂಕ ಪಡೆದು ಕಡೆಯವನಾಗಿದ್ದ ಹುಡುಗನೊಬ್ಬನು ಮುಂದಿನ ಪರೀಕ್ಷೆಯಲ್ಲಿ 31 ತೆಗೆದನು. ಉಳಿದವರೂ ಮೇಲೇರಿದ್ದರಿಂದ ಅವನ ಹೆಸರು ಮತ್ತೆ ಕಡೆಯದಾಗಿಯೇ ಬಂದಿತು. ನಾನು ಓದಿದೆನು, ಹುಡುಗರು ನಕ್ಕರು, ನಾನು ಪಟ್ಟಿಯನ್ನು ಮಡಿಸಿಟ್ಟೆನು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಕಾರಣಗಳು ಬೇರೆಯೂ ಇದ್ದಿರಬಹುದು. ಆದರೆ ಹನ್ನೆರಡರಿಂದ ಮೂವತ್ತೊಂದಕ್ಕೆ ಏರಲು ಅವನು ಎಷ್ಟು ರಾತ್ರಿ ದೀಪದ ಮುಂದೆ ಕುಳಿತಿದ್ದನೋ ನಾನು ಕೇಳಲಿಲ್ಲ. ಆ ದಿನ ಆ ತರಗತಿಯಲ್ಲಿ ಅತಿ ಹೆಚ್ಚು ಏಳಿಗೆ ಹೊಂದಿದ್ದವನು ಅವನೇ ಆಗಿದ್ದನೋ ಏನೋ, ಅದೂ ನನ್ನ ಪಟ್ಟಿಯಲ್ಲಿ ಕಾಣುವಂತಿರಲಿಲ್ಲ.

ವಾಚಕರೇ, ಮೂವತ್ತೊಂದು ಅಂಕವು ತೇರ್ಗಡೆಗೆ ಸಾಲದೆಂಬುದು ನಿಜವು; ಅದನ್ನು ಅವನಿಗೆ ಹೇಳಲೇಬೇಕಾಗಿದ್ದಿತು. ಹನ್ನೆರಡರಿಂದ ಬಂದೆ ಎಂಬುದೂ ನಿಜವು, ಅದನ್ನೂ ಹೇಳಬೇಕಾಗಿದ್ದಿತು. ನೀನು ಕಡೆಯವನು ಎಂಬ ಮೂರನೆಯ ನಿಜವನ್ನು ಹೇಳುವ ಅವಶ್ಯಕತೆಯು ಆ ದಿನ ಏನೂ ಇರಲಿಲ್ಲ. ಮೂರರಲ್ಲಿ ನಾನು ಹೇಳಿದುದು ಅದೊಂದನ್ನೇ. ಮನೆಯಲ್ಲಿ ಮಕ್ಕಳಿರುವವರೂ ಶಾಲೆಯಲ್ಲಿ ಶಿಷ್ಯರಿರುವವರೂ ಅಳತೆಗೋಲನ್ನು ಕೈಗೆತ್ತಿಕೊಳ್ಳುವ ಮುನ್ನ, ಇದು ಯಾತಕ್ಕಾಗಿ ಎಂದು ಒಂದು ಕ್ಷಣ ತಮ್ಮನ್ನೇ ಕೇಳಿಕೊಂಡರೆ ಈ ಲೇಖನವು ಸಾರ್ಥಕವಾಯಿತೆಂದು ತಿಳಿಯುವೆನು.